ಗೋಡೆಯಿಲ್ಲದ ಊರಿನಲ್ಲಿ ಸಂಜೆ ಐದು ಗಂಟೆ

ಕಳೆದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಕೊಡುವಾಗ, ‘ಸ್ಟಾರ್ ಟ್ರೆಕ್’ ಅನ್ನುವ ಅಮೆರಿಕದ ಹಳೆಯ ಆಕಾಶನೌಕೆ ಧಾರಾವಾಹಿಯಲ್ಲಿ ಒಂದು ಕೌಬಾಯ್ ಕಂತು ಇದೆ, ನನಗೆ ತುಂಬಾ ಇಷ್ಟ ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ. ಗಗನಯಾನ, ಕಪ್ಪು ರಂಧ್ರದ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ ಇರಲಿ. ಈ ಸಲ ಪೂರ್ತಿ ಇದೇ.

ಪ್ರಶ್ನೆ: ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಬರುತ್ತಿತ್ತು. ಅದರಲ್ಲಿ ಕೆಂಪು ಆಕಾಶ, ಮುಂಗೋಡೆ ಮಾತ್ರ ಇರುವ ಮನೆಗಳು, ಕರಿ ಕೋಟಿನ ನಾಲ್ಕು ಜನ ನಡೆದು ಬರುವುದು, ಇಷ್ಟು ನೆನಪಿದೆ. ಕನಸೋ ನಿಜವೋ ಗೊತ್ತಿಲ್ಲ. ನೀವು ಹೇಳಿದ್ದು ಇದೇನಾ? (ಸಾಗರದ ಓದುಗರು)

ಇದೇ. ಕನಸಲ್ಲ, ಆದರೆ ಅದನ್ನು ತೆಗೆದವರು ಕನಸಿನ ಹಾಗೇ ತೆಗೆದಿದ್ದಾರೆ. ಹೆಸರು ‘ಸ್ಪೆಕ್ಟರ್ ಆಫ್ ದ ಗನ್’. ಮೂರನೇ ಸೀಸನ್ನಿನದು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1968ರ ಅಕ್ಟೋಬರ್ 25ರಂದು ಮೊದಲು ಪ್ರಸಾರವಾಯಿತು.

ಕತೆ ಚಿಕ್ಕದು. ಎಂಟರ್‌ಪ್ರೈಸ್ ನೌಕೆ ಮೆಲ್ಕೋಟ್ ಅನ್ನುವ ಜೀವಿಗಳ ಪ್ರದೇಶಕ್ಕೆ ಹೋಗುತ್ತದೆ. ‘ಬರಬೇಡಿ, ವಾಪಸ್ ಹೋಗಿ’ ಅಂತ ಎಚ್ಚರಿಕೆ ಸಿಗುತ್ತದೆ. ನಮಗೆ ಸಂಪರ್ಕ ಮಾಡಲೇಬೇಕು ಅಂತ ಮೇಲಿನಿಂದ ಆದೇಶ ಇದೆ ಅಂತ ಕ್ಯಾಪ್ಟನ್ ಕಿರ್ಕ್ ಕೇಳುವುದಿಲ್ಲ. ತನ್ನ ನೌಕೆಯ ಸ್ಪಾಕ್ (ತರ್ಕಕ್ಕೆ ಹೆಸರಾದ ವಲ್ಕನ್ ಅನ್ನುವ ಅನ್ಯಗ್ರಹದ ಕುಲದವನು), ಡಾಕ್ಟರ್ ಮೆಕಾಯ್, ಸ್ಕಾಟಿ, ಚೆಕಾವ್ ನಾಲ್ವರನ್ನು ಕರೆದುಕೊಂಡು ಕೆಳಗಿಳಿಯುತ್ತಾನೆ. ಮಂಜಿನಲ್ಲಿ ಒಂದು ತಲೆ ಕಾಣಿಸಿಕೊಂಡು ಶಿಕ್ಷೆ ಹೇಳುತ್ತದೆ. ಕಣ್ಣು ಬಿಟ್ಟು ನೋಡಿದರೆ ಐವರೂ ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ, 1881ರ ಅಕ್ಟೋಬರ್ 26ರಂದು ನಿಂತಿದ್ದಾರೆ. ಸೊಂಟದಲ್ಲಿದ್ದ ಫೇಸರ್‌ಗಳು, ಅಂದರೆ ಕಿರಣ ಹಾರಿಸುವ ಬಂದೂಕುಗಳು, ಹೋಗಿ ಹಳೇ ಆರು ಗುಂಡಿನ ಪಿಸ್ತೂಲುಗಳು ಬಂದಿವೆ. ಮೈಮೇಲೆ ನೌಕೆಯ ಸಮವಸ್ತ್ರ ಹಾಗೇ ಇದೆ, ಆದರೆ ಊರಿನವರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅವರ ಪಾಲಿಗೆ ಇವರು ಕ್ಲಾಂಟನ್ ಗ್ಯಾಂಗಿನ ಐದು ಜನ. ಸಂಜೆ ಐದಕ್ಕೆ ಓ.ಕೆ. ಕೊರಾಲ್ ಅನ್ನುವ ಜಾಗದಲ್ಲಿ, ಊರಿನ ಕಾನೂನಿನ ಕಡೆಯವರಾದ ಅರ್ಪ್ ಸಹೋದರರ ಕೈಯಲ್ಲಿ ಸಾಯಬೇಕಾದವರು.

ಆ ಕರಿ ಕೋಟಿನವರು ವೈಯಟ್, ವರ್ಜಿಲ್, ಮಾರ್ಗನ್ ಅರ್ಪ್ ಮತ್ತು ಅವರ ಗೆಳೆಯ ಡಾಕ್ ಹಾಲಿಡೇ.

ತಾರೀಕು ಗಮನಿಸಿದಿರಾ? ನಿಜವಾದ ಗುಂಡಿನ ಕಾಳಗಕ್ಕೆ 87 ವರ್ಷ ತುಂಬಲು ಒಂದೇ ದಿನ ಇದೆ ಅನ್ನುವಾಗ ಈ ಕಂತು ಟಿವಿಯಲ್ಲಿ ಬಂದಿದೆ.

ಪ್ರಶ್ನೆ: ಆ ಅರ್ಧಂಬರ್ಧ ಮನೆಗಳು ಬೇಕಂತಲೇ ಹಾಗೆ ಮಾಡಿದ್ದಾ? ದುಡ್ಡಿಲ್ಲದೆ ಮಾಡಿದ್ದಾ? (ಧಾರವಾಡ)

ದುಡ್ಡಿಲ್ಲದೆ. ಮೊದಲು ಹೊರಾಂಗಣದಲ್ಲಿ, ಪಶ್ಚಿಮ ಅಮೆರಿಕದ ಪಟ್ಟಣದಂಥ ಜಾಗದಲ್ಲೇ ಚಿತ್ರೀಕರಿಸುವ ಆಲೋಚನೆ ಇತ್ತು. ಮೂರನೇ ಸೀಸನ್ನಿಗೆ ಬಜೆಟ್ ಕತ್ತರಿಸಿದರು. ಆ ಸೀಸನ್ನಿಗಾಗಿ ಮೊದಲು ಚಿತ್ರೀಕರಿಸಿದ ಕಂತೇ ಇದು, ಪ್ರಸಾರವಾಗಿದ್ದು ಆರನೆಯದಾಗಿ. ಕೈ ಕಟ್ಟಿಹಾಕಿದ ಮೇಲೆ ಸ್ಟುಡಿಯೋ ಒಳಗೇ ನಾಲ್ಕು ಮುಂಗೋಡೆ ನಿಲ್ಲಿಸಿ, ಹಿಂದೆ ಕೆಂಪು ಬಣ್ಣದ ಆಕಾಶ ಹಾಕಿ ಮುಗಿಸಿದರು.

ಆದರೆ ಅಲ್ಲಿಗೆ ಬಿಟ್ಟಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಬಡತನವನ್ನು ಕತೆಯೊಳಕ್ಕೆ ಎಳೆದುಕೊಂಡಿದ್ದಾರೆ ನೋಡಿ, ಅದು ಜಾಣತನ. ಈ ಊರನ್ನು ಮೆಲ್ಕೋಟಿನವರು ಕಿರ್ಕ್‌ನ ತಲೆಯಿಂದ ತೆಗೆದಿದ್ದಾರೆ. ಅವನ ಪೂರ್ವಿಕರು ಅಮೆರಿಕದ ಗಡಿನಾಡಿನಲ್ಲಿ ನೆಲೆಸಿದವರು, ಹಾಗಾಗಿ ಅವನ ಮನಸ್ಸಿನ ಮೂಲೆಯಲ್ಲಿ ಈ ಕತೆ ಕೂತಿದೆ. ತಲೆಯೊಳಗಿನ ಊರು ಯಾವತ್ತಾದರೂ ಪೂರ್ತಿ ಇರುತ್ತದಾ? ನಿಮ್ಮ ಅಜ್ಜಿ ಮನೆ ನೆನಪಿಸಿಕೊಳ್ಳಿ. ಜಗಲಿ ಕಾಣುತ್ತದೆ, ಅಡಿಗೆಮನೆ ಕಿಟಕಿ ಕಾಣುತ್ತದೆ, ನಡುವಿನ ಗೋಡೆ ಯಾವ ಬಣ್ಣದ್ದು ಅಂದರೆ ಇಲ್ಲ. ಟೂಮ್‌ಸ್ಟೋನ್ ಕೂಡ ಹಾಗೇ ಇದೆ. ಸಲೂನಿನಲ್ಲಿ (ಕ್ಷೌರದ ಅಂಗಡಿಯಲ್ಲ, ಅಲ್ಲಿನ ಹೆಂಡದಂಗಡಿ) ಗೋಡೆಯೇ ಇಲ್ಲದ ಕಡೆ ಗಡಿಯಾರ ನೇತಾಡುತ್ತಿದೆ, ಹಿಂದೆ ಬರೀ ಕೆಂಪು. ಅದೇ ಗಡಿಯಾರದ ಮುಳ್ಳು ಐದರ ಕಡೆ ಹೋಗುತ್ತಾ ಇರುತ್ತದೆ. ಪೂರ್ತಿ ಗೋಡೆ ಇದ್ದಿದ್ದರೆ ಆ ಗಡಿಯಾರವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ರಂಗಸ್ಥಳದಲ್ಲಿರುವ ಮರದ ಪೀಠ ಒಂದು ಸಲ ಸಿಂಹಾಸನ, ಇನ್ನೊಂದು ಸಲ ರಥ. ಯಾರೂ ಕೇಳುವುದಿಲ್ಲ. ಒಂದೇ ವ್ಯತ್ಯಾಸ ಏನೆಂದರೆ, ಅಲ್ಲಿ ಪೀಠ ಪೀಠವಾಗಿ ಕಾಣುವುದು ನಮಗೆ ಮಾತ್ರ, ಅರ್ಜುನನಿಗೆ ಅದು ರಥವೇ. ಇಲ್ಲಿ ಗೋಡೆ ಇಲ್ಲದ್ದು ಪಾತ್ರಗಳಿಗೂ ಕಾಣುತ್ತದೆ. ಬಂದ ಕೂಡಲೇ ಅವರೇ ಬಾಯಿ ಬಿಟ್ಟು ಹೇಳುತ್ತಾರೆ, ಇದೇನು ಚೂರು ಚೂರಾಗಿದೆಯಲ್ಲ ಅಂತ. ಹೇಳಿಯೂ, ಗುಂಡು ಮಾತ್ರ ನಿಜ ಅಂದುಕೊಳ್ಳುತ್ತಾರೆ! ಕಂತಿನ ಜೀವ ಇರುವುದು ಇಲ್ಲೇ.

ಪ್ರಶ್ನೆ: ಓ.ಕೆ. ಕೊರಾಲ್ ಕಾಳಗ ನಿಜವಾಗಿ ನಡೆದಿದ್ದಾ? ಸೀರಿಯಲ್‌ನಲ್ಲಿ ತೋರಿಸಿದ್ದು ಎಷ್ಟು ಸರಿ? (ಮೈಸೂರು)

ನಡೆದಿದ್ದು ಹೌದು. ಓ.ಕೆ. ಕೊರಾಲ್‌ನಲ್ಲಿ ಅಲ್ಲ.

ಕೊರಾಲ್ ಅಂದರೆ ಕುದುರೆ ಕಟ್ಟುವ ದೊಡ್ಡಿ. ಕಾಳಗ ನಡೆದದ್ದು ಆ ದೊಡ್ಡಿಯ ಹಿಂಬಾಗಿಲಿನಿಂದ ಕೆಲವು ಕಟ್ಟಡ ಆಚೆ, ಫ್ರೀಮಾಂಟ್ ರಸ್ತೆಯ ಪಕ್ಕದ ಒಂದು ಕಿರಿದಾದ ಖಾಲಿ ಸೈಟಿನಲ್ಲಿ. ಪಕ್ಕದಲ್ಲೇ ಫ್ಲೈ ಅನ್ನುವವನ ಫೋಟೋ ಸ್ಟುಡಿಯೋ ಇತ್ತು. ಮಧ್ಯಾಹ್ನ ಸುಮಾರು ಮೂರು ಗಂಟೆ, ಸಂಜೆ ಐದಲ್ಲ. ಎರಡು ಕಡೆಯವರ ನಡುವೆ ಕೆಲವೇ ಅಡಿ ಅಂತರ. ಮೂವತ್ತು ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಮೂವತ್ತು ಗುಂಡು ಹಾರಿ ಎಲ್ಲ ಮುಗಿದೇ ಹೋಯಿತು. ನೀವು ಈ ಉತ್ತರ ಓದುವಷ್ಟು ಹೊತ್ತೂ ಹಿಡಿಯಲಿಲ್ಲ.

ಟೂಮ್‌ಸ್ಟೋನ್ ಅಂದರೆ ಗೋರಿಕಲ್ಲು. 1877ರಲ್ಲಿ ಎಡ್ ಶೀಫೆಲಿನ್ ಅನ್ನುವವನು ಅಲ್ಲಿ ಬೆಳ್ಳಿ ಹುಡುಕಲು ಹೊರಟಾಗ, ಅಲ್ಲಿ ನಿನಗೆ ಸಿಗುವ ಕಲ್ಲು ನಿನ್ನ ಗೋರಿಕಲ್ಲು ಮಾತ್ರ ಅಂತ ನಕ್ಕರಂತೆ. ಬೆಳ್ಳಿ ಸಿಕ್ಕಿತು, ಹಟಕ್ಕೆ ಅದೇ ಹೆಸರಿಟ್ಟ. ಬೆಳ್ಳಿ ಜೊತೆ ದುಡ್ಡು, ದುಡ್ಡಿನ ಜೊತೆ ಸಲೂನು, ಜೂಜು, ಜಗಳ. ಊರೊಳಗೆ ಬಂದೂಕು ಇಟ್ಟುಕೊಂಡು ತಿರುಗುವಂತಿಲ್ಲ ಅಂತ ಒಂದು ಕಾನೂನು ಮಾಡಿದ್ದರು. ಸಿನಿಮಾದಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲು ನೇತಾಡುವುದು ನೋಡಿದವರಿಗೆ ಇದು ತಮಾಷೆ ಅನಿಸಬಹುದು. ಆವತ್ತು ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ ಆಗಿದ್ದ ವರ್ಜಿಲ್ ಅರ್ಪ್ ಹೊರಟಿದ್ದೇ ಆ ಕಾನೂನಿನ ನೆಪದಲ್ಲಿ, ಕ್ಲಾಂಟನ್ ಕಡೆಯವರ ಬಂದೂಕು ಕಿತ್ತುಕೊಳ್ಳುತ್ತೇನೆ ಅಂತ.

ಸತ್ತವರು ಕ್ಲಾಂಟನ್ ಕಡೆಯ ಮೂರು ಜನ: ಬಿಲ್ಲಿ ಕ್ಲಾಂಟನ್, ಟಾಮ್ ಮೆಕ್ಲೌರಿ, ಫ್ರಾಂಕ್ ಮೆಕ್ಲೌರಿ. ವರ್ಜಿಲ್, ಮಾರ್ಗನ್ ಇಬ್ಬರಿಗೂ ಗುಂಡು ತಾಗಿತು, ಹಾಲಿಡೇಗೆ ಸವರಿಕೊಂಡು ಹೋಯಿತು. ವೈಯಟ್‌ಗೆ ಒಂದು ಗೀರೂ ಇಲ್ಲ. ಐಕ್ ಕ್ಲಾಂಟನ್ ಕೈಯಲ್ಲಿ ಬಂದೂಕೇ ಇರಲಿಲ್ಲ. ಅವನೂ ಬಿಲ್ಲಿ ಕ್ಲೇಬೋರ್ನ್‌ನೂ ಓಡಿಹೋಗಿ ಬದುಕಿಕೊಂಡರು. ಆಮೇಲೆ ಅರ್ಪ್ ಕಡೆಯವರ ಮೇಲೆ ಕೊಲೆಯ ಆರೋಪ ಬಂದು, ಒಂದು ತಿಂಗಳು ವಿಚಾರಣೆ ನಡೆದು, ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಅವರನ್ನು ಬಿಟ್ಟ. 1882ರ ಮಾರ್ಚ್‌ನಲ್ಲಿ ಮಾರ್ಗನ್‌ನನ್ನು ಗುಂಡಿಟ್ಟು ಕೊಂದರು. ವೈಯಟ್ 1929ರ ತನಕ ಬದುಕಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ.

ಈಗ ಕಂತಿಗೆ ಬನ್ನಿ. ಯಾರಿಗೆ ಯಾವ ಪಾತ್ರ ಬಂತು ನೋಡಿ. ಸ್ಕಾಟಿ ಬಿಲ್ಲಿ ಕ್ಲಾಂಟನ್, ಮೆಕಾಯ್ ಟಾಮ್, ಸ್ಪಾಕ್ ಫ್ರಾಂಕ್. ಮೂವರೂ ಇತಿಹಾಸದಲ್ಲಿ ಸತ್ತವರು. ಚೆಕಾವ್ ಕ್ಲೇಬೋರ್ನ್, ಅಂದರೆ ಬದುಕಿದವನು. ಆದರೆ ಕಂತಿನಲ್ಲಿ ಎಲ್ಲರಿಗಿಂತ ಮೊದಲು ಬೀಳುವವನು ಅವನೇ. ಸಿಲ್ವಿಯಾ ಅನ್ನುವ ಹುಡುಗಿಯ ವಿಷಯಕ್ಕೆ ಮಾರ್ಗನ್ ಅವನಿಗೆ ಗುಂಡಿಡುತ್ತಾನೆ. ಸ್ಪಾಕ್ ಲೆಕ್ಕ ಹಾಕಿ, ಕ್ಲೇಬೋರ್ನ್ ಸಾಯಬಾರದಿತ್ತಲ್ಲ ಅನ್ನುತ್ತಾನೆ. ಇತಿಹಾಸ ಬದಲಾಗಬಹುದು ಅಂತ ಕಿರ್ಕ್‌ಗೆ ಆಸೆ ಹುಟ್ಟುವುದು ಆಗಲೇ. ಸ್ನೇಹಿತ ಸತ್ತ ಬೆನ್ನಲ್ಲೇ ಅದರಲ್ಲೇ ಸಮಾಧಾನ ಹುಡುಕುವ ಆ ದೃಶ್ಯ ಸ್ವಲ್ಪ ಕ್ರೂರವಾಗಿದೆ. ನನಗೆ ಅದು ಇಷ್ಟ.

ಇನ್ನೊಂದು ವಿಷಯ ಯಾರೂ ಹೇಳಿದ್ದು ನಾನು ಕಂಡಿಲ್ಲ. ನಮ್ಮ ಹೀರೋ ಕಿರ್ಕ್‌ಗೆ ಸಿಕ್ಕಿದ್ದು ಐಕ್ ಕ್ಲಾಂಟನ್ ಪಾತ್ರ. ಬಾಯಿ ಜೋರು ಮಾಡಿ, ಗುಂಡು ಹಾರಿದಾಗ ಓಡಿದವನದು! ಬೇಕಂತ ಮಾಡಿದ್ದೋ, ಗ್ಯಾಂಗಿನ ನಾಯಕ ಅಂತ ಸುಮ್ನೆ ಕೊಟ್ಟಿದ್ದೋ, ನನಗಂತೂ ನಗು ಬರುತ್ತದೆ. ಸತ್ತಾಗ ಬಿಲ್ಲಿ ಕ್ಲಾಂಟನ್‌ಗೆ 19 ವರ್ಷ. ಸ್ಕಾಟಿ ಪಾತ್ರದ ಜೇಮ್ಸ್ ಡೂಹನ್‌ಗೆ ಆಗ ಐವತ್ತು ಹತ್ತಿರ. ಅದನ್ನೂ ಊರಿನವರು ಒಪ್ಪಿಕೊಳ್ಳುತ್ತಾರೆ.

ಪ್ರಶ್ನೆ: ಕೊನೆಯಲ್ಲಿ ಗುಂಡು ಯಾಕೆ ತಾಗುವುದಿಲ್ಲ? ನಮ್ಮ ವೇದಾಂತದ ಹಗ್ಗ–ಹಾವಿನ ದೃಷ್ಟಾಂತವನ್ನೇ ಕದ್ದಿದ್ದಾರೆ ಅಂತ ನನ್ನ ವಾದ. (ಉಡುಪಿ)

ಕದ್ದಿದ್ದಾರೆ ಅನ್ನಬೇಡಿ ಮಾರಾಯ್ರೇ. ನಮ್ಮದನ್ನೆಲ್ಲ ಯಾರೋ ಕದ್ದಿದ್ದಾರೆ ಅನ್ನುವ ಚಾಳಿ ಈಗೀಗ ಜಾಸ್ತಿ ಆಗಿದೆ. ಹತ್ತಿರ ಇದೆ ಅನ್ನಿ, ಒಪ್ಪುತ್ತೇನೆ. ಆದರೂ ಒಂದು ದೊಡ್ಡ ವ್ಯತ್ಯಾಸ ಇದೆ.

ಮೊದಲು ಏನಾಗುತ್ತದೆ ಹೇಳುತ್ತೇನೆ. ಊರು ಬಿಟ್ಟು ಹೋಗೋಣ ಅಂದರೆ ಕಣ್ಣಿಗೆ ಕಾಣದ ತಡೆ ಅಡ್ಡ ಬರುತ್ತದೆ. ಸರಿ, ಅರ್ಪ್ ಕಡೆಯವರನ್ನು ಪ್ರಜ್ಞೆ ತಪ್ಪಿಸೋಣ ಅಂತ ಸ್ಪಾಕ್, ಮೆಕಾಯ್ ಸೇರಿ ಅಲ್ಲಿ ಸಿಕ್ಕ ಸಾಮಾನಿನಲ್ಲೇ ಒಂದು ಅನಿಲದ ಬಾಂಬು ತಯಾರಿಸುತ್ತಾರೆ. ಅದಕ್ಕೆ ಬೇಕಾದ ಔಷಧಿಯನ್ನು ಮೆಕಾಯ್ ಕೇಳಿ ತರುವುದು ಯಾರ ಹತ್ತಿರ? ಸಂಜೆ ತನ್ನನ್ನು ಕೊಲ್ಲಬೇಕಾದ ಡಾಕ್ ಹಾಲಿಡೇ ಹತ್ತಿರ. ಅವನು ಹಲ್ಲಿನ ಡಾಕ್ಟರು. ಸ್ಕಾಟಿ ನನ್ನ ಮೇಲೇ ಪರೀಕ್ಷೆ ಮಾಡಿ ಅಂತ ಮುಂದೆ ಬಂದು, ಅದಕ್ಕೂ ಮೊದಲು ನೋವು ತಡೆಯಲಿ ಅಂತ ಒಂದು ಗುಟುಕು ಏರಿಸುತ್ತಾನೆ. ಇದರಲ್ಲಿ ನೋವೇ ಇಲ್ಲವಲ್ಲ ಅಂತ ಸ್ಪಾಕ್ ಹೇಳುವಷ್ಟರಲ್ಲಿ ಗ್ಲಾಸು ಖಾಲಿ. ಅನಿಲ ಬಿಡುತ್ತಾರೆ. ಹೊಗೆ ಬರುತ್ತದೆ, ಸ್ಕಾಟಿ ಉಸಿರೆಳೆಯುತ್ತಾನೆ, ಕಾಯುತ್ತಾರೆ. ಏನೂ ಆಗುವುದಿಲ್ಲ.

ಉಳಿದವರಿಗೆ ನಿರಾಸೆ. ಸ್ಪಾಕ್‌ಗೆ ಮಾತ್ರ ಇದೇ ಸುಳಿವು. ಕೆಲಸ ಮಾಡಲೇಬೇಕಾದ ಅನಿಲ ಕೆಲಸ ಮಾಡಲಿಲ್ಲ ಅಂದರೆ ಇಲ್ಲಿ ನಿಸರ್ಗದ ನಿಯಮ ನಡೆಯುತ್ತಿಲ್ಲ. ನಿಯಮ ನಡೆಯದ ಕಡೆ ಯಾವುದೂ ನಿಜವಲ್ಲ, ಚೆಕಾವ್‌ನನ್ನು ಕೊಂದದ್ದು ಗುಂಡಲ್ಲ, ಗುಂಡು ಕೊಲ್ಲುತ್ತದೆ ಅನ್ನುವ ನಂಬಿಕೆ. ಈ ಜಾಗ ನೋಡುವಾಗ ನನಗೆ ಪ್ರತಿ ಸಲ ಖುಷಿ ಆಗುತ್ತದೆ. ಸೋತ ಪ್ರಯೋಗವೇ ಉತ್ತರ ಕೊಡುವುದು ಟಿವಿಯಲ್ಲಿ ಅಪರೂಪ, ಲ್ಯಾಬಿನಲ್ಲಿ ದಿನಾ ಆಗುತ್ತದೆ.

ಈಗ ನಿಮ್ಮ ಹಗ್ಗಕ್ಕೆ ಬರೋಣ. ದೃಷ್ಟಾಂತದಲ್ಲಿ ದೀಪ ತಂದರೆ ಮುಗಿಯಿತು, ಹಗ್ಗ ಕಂಡಿತು, ಹಾವು ಹೋಯಿತು. ಇಲ್ಲಿ ದೀಪ ತಂದರೂ ಸಾಲುವುದಿಲ್ಲ. ಗುಂಡು ಸುಳ್ಳು ಅಂತ ಕಿರ್ಕ್‌ಗೆ ಬುದ್ಧಿಗೆ ಗೊತ್ತಾಗಿದೆ. ಆದರೂ ಕೋವಿ ಎದೆಗೆ ಗುರಿಯಿಟ್ಟಾಗ ಒಂದು ಕಾಳಿನಷ್ಟು ಅನುಮಾನ ಉಳಿದರೂ ಸತ್ತ ಹಾಗೆ. ಮನುಷ್ಯನಾದವನಿಗೆ ಆ ಕಾಳು ಉಳಿದೇ ಉಳಿಯುತ್ತದೆ. ಹಾಗಾಗಿ ಸ್ಪಾಕ್ ಒಬ್ಬೊಬ್ಬರ ಮುಖದ ಮೇಲೆ ಬೆರಳಿಟ್ಟು ತನ್ನ ವಲ್ಕನ್ ಮನಸ್ಸನ್ನು ಬೆಸೆದು, ಗುಂಡುಗಳು ಬರೀ ನೆರಳು, ದೇಹವಿಲ್ಲದ ಭೂತಗಳು ಅಂತ ಒಳಗೇ ಕೂರಿಸುತ್ತಾನೆ. ಕಂತಿನ ಹೆಸರಿನ ‘ಸ್ಪೆಕ್ಟರ್’ ಅದೇ. ಆಮೇಲೆ ಗುಡುಗು, ಗಾಳಿ, ನಾಲ್ವರು ನಡೆದು ಬರುತ್ತಾರೆ, ಗುಂಡಿನ ಸುರಿಮಳೆ. ಇವರು ಅಲುಗದೆ ನಿಂತಿದ್ದಾರೆ. ಬೆನ್ನ ಹಿಂದಿನ ಮರದ ಬೇಲಿ ಮಾತ್ರ ಚಿಂದಿ ಚಿಂದಿ.

ಸ್ಪಾಕ್ ಹೇಳುವ ತರ್ಕದಲ್ಲಿ ಒಂದು ತೂತಿದೆ, ಮುಚ್ಚಿಡುವುದಿಲ್ಲ. ಗುಂಡು ಸುಳ್ಳಾದರೆ ಬೇಲಿ ಯಾಕೆ ಒಡೆಯಿತು? ಬೇಲಿಗೆ ನಂಬಿಕೆ ಇತ್ತಾ?

ಪ್ರಶ್ನೆ: ಆಕಾಶನೌಕೆಯ ಕತೆಯಲ್ಲಿ ಕೌಬಾಯ್ ಯಾಕೆ ಬೇಕಿತ್ತು? ಕತೆ ಖಾಲಿಯಾಗಿತ್ತಾ? (ಬೆಂಗಳೂರು)

ಸ್ಟಾರ್ ಟ್ರೆಕ್ ಹುಟ್ಟಿದ್ದೇ ಕೌಬಾಯ್ ಹೊಟ್ಟೆಯಲ್ಲಿ. ಐವತ್ತರ ದಶಕದ ಕೊನೆಗೆ ಅಮೆರಿಕದ ಟಿವಿಯಲ್ಲಿ ರಾತ್ರಿ ಹೊತ್ತು ಎರಡು ಡಜನ್‌ಗೂ ಜಾಸ್ತಿ ವೆಸ್ಟರ್ನ್, ಅಂದರೆ ಕೌಬಾಯ್ ಧಾರಾವಾಹಿಗಳು ಓಡುತ್ತಿದ್ದವು. ‘ಗನ್‌ಸ್ಮೋಕ್’ ಒಂದೇ 1955ರಿಂದ 1975ರ ತನಕ ಇಪ್ಪತ್ತು ವರ್ಷ ನಡೆಯಿತು. ಸ್ಟಾರ್ ಟ್ರೆಕ್ ಕಟ್ಟಿದ ಜೀನ್ ರಾಡೆನ್‌ಬೆರಿ ಅಂಥದ್ದಕ್ಕೇ ಬರೆದು ಪಳಗಿದವನು. ವಾಹಿನಿಯವರಿಗೆ ಹೊಸ ಕತೆ ಮಾರುವಾಗ ಅವನು ಹೇಳಿದ್ದು, ಇದು ನಕ್ಷತ್ರಗಳ ಕಡೆ ಹೊರಟ ‘ವ್ಯಾಗನ್ ಟ್ರೇನ್’ ಅಂತ. ಅದು ಆಗಿನ ಜನಪ್ರಿಯ ವೆಸ್ಟರ್ನ್ ಧಾರಾವಾಹಿ. ಗಾಡಿಗಳ ಸಾಲು ಪಶ್ಚಿಮಕ್ಕೆ ಹೋಗುತ್ತದೆ, ವಾರಕ್ಕೊಂದು ಊರು, ವಾರಕ್ಕೊಂದು ಕತೆ. ಗಾಡಿ ತೆಗೆದು ನೌಕೆ ಇಟ್ಟರೆ ಆಯಿತು.

ಈ ಕಂತಿನ ನಿರ್ದೇಶಕ ವಿನ್ಸೆಂಟ್ ಮೆಕ್‌ಎವೀಟಿ ಗನ್‌ಸ್ಮೋಕ್‌ನ ಎಷ್ಟೋ ಕಂತು ತೆಗೆದವನು. ಸ್ಪಾಕ್ ಪಾತ್ರದ ಲೆನಾರ್ಡ್ ನಿಮಾಯ್ ಕೂಡ ಆ ಧಾರಾವಾಹಿಗಳಲ್ಲಿ ಚಿಲ್ಲರೆ ಪಾತ್ರ ಮಾಡಿಕೊಂಡು ಬಂದವನೇ. ಮಜಾ ಇರುವುದು ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲಿಯದ್ದು. ಇದೇ ಕಾಳಗದ ಬಗ್ಗೆ 1955ರಲ್ಲಿ ಬಂದ ಟಿವಿ ಕಾರ್ಯಕ್ರಮವೊಂದರಲ್ಲಿ ಅವನು ಐಕ್ ಕ್ಲಾಂಟನ್. 1957ರಲ್ಲಿ ಬಂದ ದೊಡ್ಡ ಸಿನಿಮಾದಲ್ಲಿ ಮಾರ್ಗನ್ ಅರ್ಪ್. 1968ರಲ್ಲಿ ಟಾಮ್ ಮೆಕ್ಲೌರಿ. ಎರಡೂ ಪಕ್ಷಕ್ಕೆ ಆಡಿದ್ದಾನೆ!

ಹಾಗಾಗಿ ಕಿರ್ಕ್‌ನ ತಲೆಯಿಂದ ತೆಗೆದ ಊರು ಅಂತ ಕತೆ ಹೇಳುತ್ತದಲ್ಲ, ನಾನು ಅದನ್ನು ನಂಬುವುದಿಲ್ಲ. ಅದು ಟಿವಿಯವರ ತಲೆಯಿಂದ ತೆಗೆದ ಊರು. ಸಂಜೆಯ ಕೆಂಪು, ಕರಿ ಕೋಟು, ಸಲೂನಿನ ಬಾಗಿಲು, ಇವೆಲ್ಲ ಅವರು ಹದಿನೈದು ವರ್ಷ ದಿನಾ ಕಟ್ಟಿ ಬಿಚ್ಚಿದ ಸೆಟ್ಟುಗಳು. ಆ ಸೆಟ್ಟುಗಳಿಗೆ ಮುಂಗೋಡೆ ಬಿಟ್ಟರೆ ಹಿಂದೆ ಏನೂ ಇರುತ್ತಿರಲಿಲ್ಲ. ಈ ಒಂದು ಕಂತಿನಲ್ಲಿ ಮಾತ್ರ ಕ್ಯಾಮೆರಾ ಪಕ್ಕಕ್ಕೆ ಸರಿದು ಅದನ್ನು ತೋರಿಸಿಬಿಟ್ಟಿತು.

ಪ್ರಶ್ನೆ: ಬರೆದವರು ಲೀ ಕ್ರೋನಿನ್ ಅಂತ ಇದೆ. ಯಾರಿವರು? (ಹಾಸನ)

ಜೀನ್ ಕೂನ್. ಧಾರಾವಾಹಿಯ ನಿರ್ಮಾಪಕನಾಗಿದ್ದವನು, ಅದರಲ್ಲಿ ಬರುವ ಕ್ಲಿಂಗಾನ್ ಅನ್ನುವ ಯುದ್ಧಪ್ರಿಯ ಅನ್ಯಗ್ರಹದವರನ್ನು ಹುಟ್ಟಿಸಿದವನು. ಆಗ ಬೇರೆ ಸ್ಟುಡಿಯೋ ಸೇರಿದ್ದರಿಂದ ಸುಳ್ಳು ಹೆಸರಿನಲ್ಲಿ ಬರೆದ. ಅದೇ ಹೆಸರಿನಲ್ಲಿ ‘ಸ್ಪಾಕ್ಸ್ ಬ್ರೇನ್’ ಅನ್ನುವ ಕಂತೂ ಇದೆ. ಅಭಿಮಾನಿಗಳೇ ತಲೆ ಚಚ್ಚಿಕೊಳ್ಳುವಂಥದ್ದು. ಅದು ಬಿಡಿ.

ಪ್ರಶ್ನೆ: ಶುರುವಿನಲ್ಲಿ ಎಚ್ಚರಿಕೆ ಕೊಡುವ ವಸ್ತು ಯಾವ ಭಾಷೆಯಲ್ಲಿ ಮಾತಾಡುತ್ತದೆ? ನನ್ನ ಮಗಳ ಪ್ರಶ್ನೆ. (ಶಿವಮೊಗ್ಗ)

ಒಳ್ಳೇ ಪ್ರಶ್ನೆ ಮಗೂ. ಅದು ಬಣ್ಣಬಣ್ಣವಾಗಿ ತಿರುಗುವ ಒಂದು ತೇಲುಬುರುಡೆ. ಮಾತಾಡುವುದು ಮನಸ್ಸಿನಿಂದ ಮನಸ್ಸಿಗೆ, ಆದ್ದರಿಂದ ಕೇಳಿದವರಿಗೆ ಅವರವರ ಭಾಷೆಯೇ ಕೇಳಿಸುತ್ತದೆ. ಕಿರ್ಕ್‌ಗೆ ಇಂಗ್ಲಿಷ್, ಸ್ಪಾಕ್‌ಗೆ ವಲ್ಕನ್, ಚೆಕಾವ್‌ಗೆ ರಷ್ಯನ್, ನೌಕೆಯ ಸಂಪರ್ಕ ಅಧಿಕಾರಿ ಉಹುರಾಗೆ ಸ್ವಾಹಿಲಿ. ನೀನು ಅಲ್ಲಿ ಕೂತಿದ್ದರೆ ಕನ್ನಡ. ಶಿವಮೊಗ್ಗದ ಕನ್ನಡವೋ ಬೆಂಗಳೂರಿನದ್ದೋ ಅನ್ನುವುದು ಮುಂದಿನ ಪ್ರಶ್ನೆ. ಇನ್ನೊಂದು ವಿಷಯ: ಮಂಜಿನಲ್ಲಿ ಕಾಣುವ ಆ ತಲೆಗೆ ದನಿ ಕೊಟ್ಟ ಅಬ್ರಹಾಂ ಸೋಫೇರ್ ಹುಟ್ಟಿದ್ದು ನಮ್ಮ ಪಕ್ಕದ ಬರ್ಮಾದ ರಂಗೂನಿನಲ್ಲಿ.

ಪ್ರಶ್ನೆ: ನಿಮ್ಮ ಮಾತು ನಂಬಿ ನೋಡಿದೆ. ಬೋರ್ ಆಯ್ತು. ನಿಧಾನ, ನಟನೆ ಅತಿ, ಆ ಹುಡುಗಿಗೆ ಕೆಲಸವೇ ಇಲ್ಲ. (ಹುಬ್ಬಳ್ಳಿ)

ಮೂರರಲ್ಲಿ ಎರಡು ಒಪ್ಪಿದೆ. ನಡುವೆ ಹತ್ತು ನಿಮಿಷ ಎಳೆದಿದ್ದಾರೆ, ಊರಿನವರಿಗೆ ಇವರು ನಾವು ಕ್ಲಾಂಟನ್ ಅಲ್ಲ ಅಂತ ಹೇಳುವುದು, ಅವರು ನಗುವುದು, ಮತ್ತೆ ಹೇಳುವುದು. ಸಿಲ್ವಿಯಾ ಪಾತ್ರದ ಬೋನಿ ಬೀಚರ್‌ಗೆ ಚೆಕಾವ್‌ನನ್ನು ತಬ್ಬಿಕೊಳ್ಳುವುದು ಬಿಟ್ಟರೆ ಹೆಚ್ಚೇನೂ ಕೊಟ್ಟಿಲ್ಲ, ನಿಜ. ಗುಂಡು ತಿಂದು ಸತ್ತನೆಂದುಕೊಂಡ ಚೆಕಾವ್ ಕೊನೆಗೆ ಬದುಕಿರುವುದು ಅವಳಿಂದಲೇ ಅನ್ನುವುದು ಬೇರೆ ಮಾತು. ಅವನಿಗೆ ಆ ಊರಲ್ಲಿ ಹುಡುಗಿ ಒಬ್ಬಳೇ ನಿಜ ಅನಿಸಿದ್ದು, ಗುಂಡಿನ ಕಡೆ ಗಮನವೇ ಇರಲಿಲ್ಲ, ಅದಕ್ಕೇ ಉಳಿದ ಅಂತ ಕೊನೆಗೆ ವಿವರಣೆ ಕೊಡುತ್ತಾರೆ. ಸ್ವಲ್ಪ ಜೋಡಿಸಿದ ಹಾಗಿದೆ.

ನಟನೆ ಅತಿ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅರ್ಪ್ ಸಹೋದರರನ್ನು ನೋಡಿ. ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ, ಸತ್ತವರು ನಡೆದ ಹಾಗೆ ನಡೆಯುತ್ತಾರೆ. ಮಾತು ಅಳೆದು ತೂಗಿ. ಅವರು ಮನುಷ್ಯರಲ್ಲ, ಕಿರ್ಕ್‌ನ ಭಯವೇ ಟೋಪಿ ತೊಟ್ಟು ಬಂದಿದೆ ಅಷ್ಟೇ. ನಾವು ಜಾಗ ಬಿಟ್ಟು ಕದಲುವುದೇ ಇಲ್ಲ ಅಂತ ಕಿರ್ಕ್ ಸಲೂನಿನಲ್ಲಿ ತೀರ್ಮಾನ ಮಾಡುತ್ತಾನಲ್ಲ, ಮರುಕ್ಷಣ ಎಲ್ಲರೂ ಕೊರಾಲ್‌ನಲ್ಲಿ ನಿಂತಿರುತ್ತಾರೆ. ಆ ಒಂದು ಕಟ್ ಇನ್ನೊಮ್ಮೆ ನೋಡಿ. ರಾತ್ರಿ, ದೀಪ ಆರಿಸಿ.

ಪ್ರಶ್ನೆ: ಇದೇ ಥರದ್ದು ಬೇರೆ ಇದ್ದರೆ ಹೇಳಿ. (ಮಂಗಳೂರು)

ಇದಕ್ಕೂ ಎರಡು ವರ್ಷ ಮೊದಲು, 1966ರಲ್ಲಿ, ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿ ಕೂಡ ಟೂಮ್‌ಸ್ಟೋನ್‌ಗೆ ಹೋಗಿತ್ತು. ‘ದ ಗನ್‌ಫೈಟರ್ಸ್’ ಅಂತ, ನಾಲ್ಕು ಭಾಗ. ಅದರ ನಾಯಕ ಡಾಕ್ಟರ್‌ಗೆ ಹಲ್ಲುನೋವು, ಹಲ್ಲು ಕೀಳಿಸಲು ಹೋಗುವುದು ಡಾಕ್ ಹಾಲಿಡೇ ಹತ್ತಿರ. ನಡುನಡುವೆ ಒಂದು ಹಾಡು ಬರುತ್ತಲೇ ಇರುತ್ತದೆ, ಸಾಕಪ್ಪಾ ಅನಿಸುವಷ್ಟು. ಸ್ಟಾರ್ ಟ್ರೆಕ್‌ನ ಮುಂದಿನ ಧಾರಾವಾಹಿ ‘ದ ನೆಕ್ಸ್ಟ್ ಜನರೇಶನ್’ನಲ್ಲಿ 1992ರ ‘ಎ ಫಿಸ್ಟ್‌ಫುಲ್ ಆಫ್ ಡೇಟಾಸ್’ ಇದೆ. ಅದು ಪೂರ್ತಿ ತಮಾಷೆ, ಮಕ್ಕಳ ಜೊತೆ ನೋಡಬಹುದು. ನಿರ್ದೇಶನ ಕ್ಯಾಪ್ಟನ್ ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೂವರ್ಟ್ ಅವರದ್ದೇ.

ಪ್ರಶ್ನೆ: ನೀವು ಮೊದಲು ನೋಡಿದ್ದು ಯಾವಾಗ? ಯಾಕಿಷ್ಟು ಹುಚ್ಚು? (ತುಮಕೂರು)

ಕಾಲೇಜಿನಲ್ಲಿದ್ದಾಗ, ಬಾಡಿಗೆ ಕ್ಯಾಸೆಟ್‌ನಲ್ಲಿ. ಅಂಗಡಿಯವನು ಒಂದು ಕ್ಯಾಸೆಟ್‌ನಲ್ಲಿ ಹಿಡಿಯುವುದಕ್ಕಿಂತ ಜಾಸ್ತಿ ತುಂಬಿಸಿದ್ದ. ಸ್ಕಾಟಿ ಮೂಗಿನ ಮುಂದೆ ಹೊಗೆ ಬಂತು, ಎಲ್ಲರೂ ಅವನ ಮುಖ ನೋಡುತ್ತಾ ನಿಂತರು, ಟೇಪ್ ಮುಗಿಯಿತು. ಬಾಕಿ ಎಲ್ಲಿ ಅಂತ ಕೇಳಿದರೆ, ಅಷ್ಟೇ ಇರೋದು, ಇಂಗ್ಲಿಷ್ ಪಿಕ್ಚರ್ ಹಂಗೇ ಇರ್ತವೆ ಅಂದ. ಮೂರು ರೂಪಾಯಿ ಕೂಡ ವಾಪಸ್ ಕೊಡಲಿಲ್ಲ. ಹಾಗಾಗಿ ಎಷ್ಟೋ ವರ್ಷ ನನ್ನ ಲೆಕ್ಕದಲ್ಲಿ ಚೆಕಾವ್ ಟೂಮ್‌ಸ್ಟೋನ್‌ನ ಬೀದಿಯಲ್ಲೇ ಸತ್ತು ಬಿದ್ದಿದ್ದ. ಬೇರೆ ಕಂತುಗಳಲ್ಲಿ ಅವನು ಕಂಡಾಗೆಲ್ಲ, ಓ ಇದು ಅದಕ್ಕಿಂತ ಹಳೇದು ಅಂದುಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಡಿವಿಡಿ ಸಿಕ್ಕಿತು, ಕೊನೆಯ ದೃಶ್ಯದಲ್ಲಿ ಅವನು ನೌಕೆಯಲ್ಲಿ ತನ್ನ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ನಾನು ಎದ್ದು ನಿಂತು ಅಮ್ಮನನ್ನು ಕರೆದೆ. ಅಮ್ಮ ಸೌಟು ಹಿಡಿದುಕೊಂಡು ಬಂದು ನೋಡಿ, ಯಾರೋ ಇವನು, ಅಂದಳು.